ಕಪ್ಪು ಪೆಟ್ಟಿಗೆ, ಬೂದು ಪೆಟ್ಟಿಗೆ

1990ರ ನವೆಂಬರ್ 20ರ ನಡುರಾತ್ರಿ ಜಪಾನಿನ ಗೋದಾಮುಗಳಿಂದ ಲಾರಿಗಳು ಸದ್ದಿಲ್ಲದೆ ಹೊರಟವು. ಅವುಗಳ ತುಂಬ ಇದ್ದದ್ದು ಮಕ್ಕಳು ಟಿವಿಗೆ ಜೋಡಿಸಿ ಆಡುವ ಬೂದು ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆಗಳು. ಯಾಕುಜಾ ಎಂಬ ಪಾತಕ ಕೂಟಗಳು ದಾರಿಯಲ್ಲಿ ಅಡ್ಡಗಟ್ಟಿಯಾವು ಎಂಬ ಅಂಜಿಕೆಯಿಂದ ನಿಂಟೆಂಡೊ ತನ್ನ ಸರಕನ್ನು ಇರುಳಿನಲ್ಲೇ ಸಾಗಿಸಿತ್ತು. ಬೆಳಗಾಗಿ ಅಂಗಡಿಗಳ ಬಾಗಿಲು ತೆರೆದ ಕೆಲವೇ ಗಂಟೆಗಳಲ್ಲಿ 3 ಲಕ್ಷ ಪೆಟ್ಟಿಗೆಗಳು ಖಾಲಿಯಾದವು. ಅದು ಬುಧವಾರ, ಕೆಲಸದ ದಿನ. ಪೇಟೆಬೀದಿಗಳಲ್ಲಿ ಉಂಟಾದ ಗಲಿಬಿಲಿಯನ್ನು ಕಂಡ ಸರ್ಕಾರ, ಇನ್ನು ಮುಂದೆ ಇಂಥವನ್ನು ವಾರದ ಕೊನೆಯಲ್ಲಿ ಬಿಡುಗಡೆ ಮಾಡಿರೆಂದು ತಯಾರಕರಿಗೆ ಹೇಳಬೇಕಾಯಿತು. ಪೆಟ್ಟಿಗೆಯ ಹೆಸರು ಸೂಪರ್ ಫ್ಯಾಮಿಕಾಮ್. ಬೆಲೆ 25,000 ಯೆನ್. ಜೊತೆಗೆ ಕೊಳ್ಳಲು ಸಿಗುತ್ತಿದ್ದದ್ದು ಎರಡೇ ಆಟ: ಸೂಪರ್ ಮಾರಿಯೋ ವರ್ಲ್ಡ್ ಮತ್ತು ಎಫ್-ಝೀರೋ.

ಆದರೆ ಆ ದಿನಕ್ಕಾಗಲೇ ಎದುರಾಳಿ ಸೆಗಾ ಕಂಪನಿಯ ಕಪ್ಪು ಪೆಟ್ಟಿಗೆ ಅಂಗಡಿಯ ಹಲಗೆಯನ್ನು ಏರಿ ಎರಡು ವರ್ಷ ಕಳೆದಿತ್ತು. ಈ ಎರಡರಲ್ಲಿ ಯಾವುದು ಶ್ರೇಷ್ಠ ಎಂಬ ಜಗಳ ಮುಂದೆ ಶಾಲೆಯ ಅಂಗಳಗಳಲ್ಲಿ, ಪತ್ರಿಕೆಗಳ ಪುಟಗಳಲ್ಲಿ, ಊಟದ ಮೇಜುಗಳಲ್ಲಿ ನಡೆದು, ಆ ಮಕ್ಕಳಿಗೆ ತಲೆ ನರೆತ ಮೇಲೂ ನಿಂತಿಲ್ಲ. ಆ ಕಾಲದ ಕಥನ ಇದು.

ನಿಂಟೆಂಡೊ ಹಳೆಯ ಮನೆತನ. ಕ್ಯೋಟೊ ನಗರದಲ್ಲಿ 1889ರಲ್ಲಿ ಫುಸಾಜಿರೊ ಯಮೌಚಿ ಎಂಬಾತ ಹನಫುದಾ ಎಂಬ ಹೂವಿನ ಚಿತ್ರದ ಇಸ್ಪೀಟು ಎಲೆಗಳನ್ನು ತಯಾರಿಸಲು ತೊಡಗಿದ್ದೇ ಅದರ ಮೂಲ. ಆತನ ಮರಿಮಗ ಹಿರೋಶಿ ಯಮೌಚಿ 1949ರಲ್ಲಿ, ಮೀಸೆ ಚಿಗುರುವ ವಯಸ್ಸಿನಲ್ಲಿ, ಗದ್ದುಗೆ ಏರಿದ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇಳಿಯಲಿಲ್ಲ. ಆಟಗಳನ್ನು ತಾನು ಆಡದವನು, ಆದರೆ ಯಾವ ಆಟ ಮಾರಾಟವಾಗುತ್ತದೆ ಎಂಬುದನ್ನು ನೋಡಿಯೇ ಹೇಳಬಲ್ಲವನು ಎಂಬ ಖ್ಯಾತಿ ಅವನಿಗಿತ್ತು. ಅವನ ಆಳ್ವಿಕೆಯಲ್ಲಿ, ಮಸಾಯುಕಿ ಉಎಮುರಾ ಎಂಬ ಎಂಜಿನಿಯರನ ಕೈಯಿಂದ ರೂಪುಗೊಂಡ ಫ್ಯಾಮಿಕಾಮ್ 1983ರ ಜುಲೈ 15ರಂದು ಹೊರಬಂತು.

ಅದೇ ವರ್ಷ ಸಾಗರದಾಚೆ ಅಮೆರಿಕದಲ್ಲಿ ಅಟಾರಿ ಎಂಬ ವಿಡಿಯೋ ಗೇಮ್ ಕಂಪನಿಯ ಸಾಮ್ರಾಜ್ಯ ಕುಸಿಯುತ್ತಿತ್ತು. ಐದು ವಾರದಲ್ಲಿ ಅವಸರಕ್ಕೆ ಹೆಣೆದ ಇ.ಟಿ. ಆಟದ ಕಾರ್ಟ್ರಿಜ್‌ಗಳನ್ನೂ ಮಾರಾಟವಾಗದ ಇತರ ಸರಕನ್ನೂ ನ್ಯೂ ಮೆಕ್ಸಿಕೊದ ಅಲಮಗೋರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತರು. ವಿಡಿಯೋ ಗೇಮ್ ಎಂಬ ಮಾತನ್ನು ಕೇಳಿದರೆ ಅಮೆರಿಕದ ವರ್ತಕರು ಮುಖ ತಿರುಗಿಸುತ್ತಿದ್ದ ಕಾಲ. ಆ ಪಾಳುಭೂಮಿಗೆ ನಿಂಟೆಂಡೊ 1985ರಲ್ಲಿ ಕಾಲಿಟ್ಟಿತು, ಇದು ಆಟಿಕೆ ಎಂದು ನಂಬಿಸಲು ಒಂದು ಪುಟ್ಟ ರೋಬೋಟನ್ನು ಜೊತೆಗಿಟ್ಟುಕೊಂಡು. ಐದು ವರ್ಷದೊಳಗೆ ಅಲ್ಲಿನ ಮಾರುಕಟ್ಟೆಯ ಸುಮಾರು ಶೇ 90 ಭಾಗ ಅದರ ವಶವಾಗಿತ್ತು. ಚಕ್ರಾಧಿಪತ್ಯ ಬಂದಲ್ಲಿ ಕಂದಾಯವೂ ಬರುತ್ತದೆ. ಬೇರೆ ಕಂಪನಿಗಳು ವರ್ಷಕ್ಕೆ ಇಷ್ಟೇ ಆಟ ಹೊರಡಿಸಬೇಕು, ಕಾರ್ಟ್ರಿಜ್‌ಗಳನ್ನು ನಿಂಟೆಂಡೊ ಕೈಯಲ್ಲೇ ಮಾಡಿಸಿಕೊಳ್ಳಬೇಕು, ಆ ಆಟವನ್ನು ಎರಡು ವರ್ಷ ಇನ್ನೊಬ್ಬರ ಯಂತ್ರಕ್ಕೆ ಕೊಡಕೂಡದು ಎಂಬ ಕಟ್ಟಳೆಗಳು ಬಂದವು. ಮೀರಿದವರ ಕಾರ್ಟ್ರಿಜ್ ಓಡದಂತೆ ಯಂತ್ರದೊಳಗೇ ಒಂದು ಬೀಗದ ಚಿಪ್ ಕೂತಿತ್ತು. ಸಾಮಂತರು ಕಪ್ಪ ಕೊಟ್ಟರು. ಮನಸ್ಸಿನಲ್ಲೇ ಹಲ್ಲು ಕಡಿದರು.

ಸೆಗಾದ ಹುಟ್ಟು ಬೇರೆ ಬಗೆಯದು. ಅಮೆರಿಕದ ಸೈನಿಕ ನೆಲೆಗಳಿಗೆ ಕಾಸು ಹಾಕಿ ಆಡುವ ಯಂತ್ರಗಳನ್ನು ಪೂರೈಸುತ್ತಿದ್ದ ‘ಸರ್ವಿಸ್ ಗೇಮ್ಸ್’ ಎಂಬ ವ್ಯಾಪಾರದ ಎರಡು ಮಾತಿನ ತಲೆಯಕ್ಷರಗಳು ಸೇರಿ ಆದ ಹೆಸರು ಅದು. ಆಟದಂಗಡಿಗಳ ದೊಡ್ಡ ಯಂತ್ರಗಳಲ್ಲಿ ಅದಕ್ಕೆ ಸಾಟಿ ಕಡಿಮೆ. ಮನೆಯೊಳಗಿನ ಪೆಟ್ಟಿಗೆಯಲ್ಲಿ ಮಾತ್ರ ಅದೃಷ್ಟ ಒಲಿಯಲಿಲ್ಲ. ವಿಧಿಯ ಆಟವೆಂಬಂತೆ ಅದರ ಮೊದಲ ಕನ್ಸೋಲ್ ಕೂಡ ಫ್ಯಾಮಿಕಾಮ್ ಹೊರಬಂದ ಅದೇ 1983ರ ಜುಲೈ 15ರಂದೇ ಬಂದು, ಅದರ ನೆರಳಿನಲ್ಲಿ ಮುಳುಗಿತು. ಸೋತವರು ಸುಮ್ಮನಿರಲಿಲ್ಲ. ತಮ್ಮ ಆಟದಂಗಡಿಯ ಯಂತ್ರಗಳಲ್ಲಿದ್ದ ಮೋಟೊರೋಲಾ 68000 ಎಂಬ ಪ್ರೊಸೆಸರನ್ನೇ ಮನೆಯ ಪೆಟ್ಟಿಗೆಗೆ ಇಳಿಸಿದರು. ಆಪಲ್ ಕಂಪನಿಯ ಮೊದಲ ಮ್ಯಾಕಿಂಟಾಷ್ ಕಂಪ್ಯೂಟರಿನ ಎದೆಯಲ್ಲಿ ಇದ್ದದ್ದೂ ಅದೇ. 1988ರ ಅಕ್ಟೋಬರ್ 29ರಂದು ಮೆಗಾ ಡ್ರೈವ್ ಬಂತು: ಕಪ್ಪು ಮೈ, ನೆತ್ತಿಯ ಮೇಲೆ ಹೊಂಬಣ್ಣದಲ್ಲಿ ‘16-ಬಿಟ್’ ಎಂಬ ಬರಹ. ಅದಕ್ಕೆ ಆರು ದಿನ ಮೊದಲು ನಿಂಟೆಂಡೊ ಸೂಪರ್ ಮಾರಿಯೋ ಬ್ರದರ್ಸ್ 3 ಆಟವನ್ನು ಹೊರತಂದಿತ್ತು. ಜಪಾನಿನ ಮಕ್ಕಳಿಗೆ ಕಪ್ಪು ಪೆಟ್ಟಿಗೆಯತ್ತ ನೋಡಲು ಪುರುಸೊತ್ತಿರಲಿಲ್ಲ. ಆ ದೇಶದಲ್ಲಿ ಮೆಗಾ ಡ್ರೈವ್ ಕೊನೆಯತನಕವೂ ಎನ್‌ಇಸಿ ಕಂಪನಿಯ ಪಿಸಿ ಎಂಜಿನ್‌ಗೂ ಹಿಂದೆ, ಮೂರನೆಯ ಪೀಠದಲ್ಲೇ ಉಳಿಯಿತು.

ಹಾಗಾಗಿ ಯುದ್ಧ ನಡೆದದ್ದು ಅಮೆರಿಕದ ನೆಲದ ಮೇಲೆ. ಅಲ್ಲಿ ಮೆಗಾ ಡ್ರೈವ್‌ಗೆ ಜೆನೆಸಿಸ್ ಎಂದು ಹೆಸರಿಟ್ಟರು; 1989ರಲ್ಲಿ ಅದು 189 ಡಾಲರಿಗೆ ಬಂತು. ಮರುವರ್ಷ ಸೆಗಾದ ಅಧ್ಯಕ್ಷ ಹಯಾವೊ ನಕಯಾಮ, ಬಾರ್ಬಿ ಗೊಂಬೆಯ ಮಾರಾಟದಲ್ಲಿ ಪಳಗಿದ್ದ ಟಾಮ್ ಕಲಿನ್ಸ್ಕಿ ಎಂಬವನನ್ನು ದಂಡನಾಯಕನಾಗಿ ನೇಮಿಸಿದ. ಕಲಿನ್ಸ್ಕಿ ಜಪಾನಿಗೆ ಹೋಗಿ ಆಡಳಿತ ಮಂಡಳಿಯ ಮುಂದೆ ನಿಂತು ತನ್ನ ಬೇಡಿಕೆಗಳನ್ನಿಟ್ಟ. ಬೆಲೆ ಇಳಿಸಬೇಕು. ಪೆಟ್ಟಿಗೆಯ ಜೊತೆ ಈಗ ಕೊಡುತ್ತಿರುವ ಆಟವನ್ನು ತೆಗೆದು, ಹೊಸದಾಗಿ ತಯಾರಾಗುತ್ತಿರುವ ನೀಲಿ ಮುಳ್ಳುಹಂದಿಯ ಆಟವನ್ನು ಪುಕ್ಕಟೆ ಕೊಡಬೇಕು. ಅಮೆರಿಕದವರ ರುಚಿಗೆ ತಕ್ಕ ಆಟಗಳನ್ನು ಅಲ್ಲೇ ತಯಾರಿಸಬೇಕು. ಜಾಹೀರಾತಿನಲ್ಲಿ ನಿಂಟೆಂಡೊವನ್ನು ಹೆಸರು ಹಿಡಿದೇ ಹಂಗಿಸಬೇಕು. ಮಂಡಳಿ ಕೆರಳಿತು. ಅಷ್ಟು ಒಳ್ಳೆಯ ಆಟವನ್ನು ಧರ್ಮಕ್ಕೆ ಕೊಡುವುದೇ? ಎದುರಾಳಿಯ ಹೆಸರೆತ್ತುವುದು ಮರ್ಯಾದಸ್ಥರ ಲಕ್ಷಣವೇ? ಎಲ್ಲರೂ ಬೇಡವೆಂದರೂ ನಕಯಾಮ ಮಾತ್ರ, ಕರೆತಂದವನು ನಾನು, ಮಾಡಲಿ ಬಿಡಿ ಎಂಬಂತೆ ಅಪ್ಪಣೆ ಕೊಟ್ಟ. ಈ ಇತಿಹಾಸದ ತಿರುವು ಇರುವುದು ಆ ಕೋಣೆಯಲ್ಲೇ ಎಂದು ನನಗನಿಸುತ್ತದೆ. ಯಂತ್ರಗಳ ಗುಣದೋಷ ಆಮೇಲಿನ ಮಾತು.

1991ರ ಜೂನ್ 23ರಂದು ಸಾನಿಕ್ ಓಡತೊಡಗಿದ. ಯುಜಿ ನಾಕಾ ಬರೆದ ಪ್ರೋಗ್ರಾಂ, ನಾವೊಟೊ ಓಶಿಮಾ ಬಿಡಿಸಿದ ರೂಪ. ಮಾರಿಯೋ ನಿಂತು, ಅಳೆದು, ಹಾರುವ ಗೃಹಸ್ಥ. ಸಾನಿಕ್ ಇಳಿಜಾರಿನಲ್ಲಿ ಉರುಳಿ ಸುರುಳಿ ಸುತ್ತುವ ಪೋಕರಿ, ಆಟಗಾರ ಒಂದು ಗಳಿಗೆ ಸುಮ್ಮನಿದ್ದರೆ ಕಾಲು ತಟ್ಟಿ ಅಸಹನೆ ತೋರುತ್ತಿದ್ದ. ಅದೇ ಆಗಸ್ಟಿನಲ್ಲಿ ಸೂಪರ್ ನಿಂಟೆಂಡೊ ಎಂಬ ಹೆಸರಿನಲ್ಲಿ ಬೂದು ಪೆಟ್ಟಿಗೆ 199 ಡಾಲರ್ ಬೆಲೆಗೆ ಅಮೆರಿಕಕ್ಕೆ ಬಂದಾಗ, 149 ಡಾಲರಿಗೆ ಇಳಿದಿದ್ದ ಕಪ್ಪು ಪೆಟ್ಟಿಗೆ ಸಾನಿಕ್‌ನನ್ನು ಹೆಗಲ ಮೇಲೆ ಹೊತ್ತು ಬಾಗಿಲಲ್ಲೇ ನಿಂತಿತ್ತು. ನಿಂಟೆಂಡೊದ ಕಟ್ಟಳೆಗಳಿಂದ ಬೇಸತ್ತ ಸಾಮಂತರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ಆಗಲೇ ಸೆಗಾ ಪಾಳಯಕ್ಕೆ ಸೇರಿತ್ತು. ಅಮೆರಿಕದ ಫುಟ್‌ಬಾಲ್, ಐಸ್ ಹಾಕಿ ಆಟಗಳು ಕಪ್ಪು ಪೆಟ್ಟಿಗೆಯಲ್ಲಿ ಚೆನ್ನಾಗಿ ಓಡಿದವು. ಕಾಲೇಜು ಹುಡುಗರು ಅತ್ತ ವಾಲಿದರು.

ಇನ್ನು ವಾದಕ್ಕೆ ಬರೋಣ. ಒಂದು ಮನೆಯಲ್ಲಿ ಎರಡು ಪೆಟ್ಟಿಗೆಗಳಿದ್ದದ್ದು ಅಪರೂಪ. ಹುಟ್ಟುಹಬ್ಬಕ್ಕೋ ಕ್ರಿಸ್‌ಮಸ್‌ಗೋ ಅಪ್ಪ ಅಮ್ಮ ಒಂದನ್ನು ತಂದುಕೊಟ್ಟರೆ ಮುಗಿಯಿತು, ಮುಂದಿನ ನಾಲ್ಕೈದು ವರ್ಷ ಅದೇ ಗತಿ. ತಂದದ್ದೇ ಶ್ರೇಷ್ಠವೆಂದು ಸಾಧಿಸದೆ ಹುಡುಗನಿಗೆ ಬೇರೆ ದಾರಿಯಿರಲಿಲ್ಲ. ಆ ಸಾಧನೆಗೆ ಬೇಕಾದ ಆಯುಧಗಳನ್ನು ಎರಡೂ ಕಂಪನಿಗಳು ಜಾಹೀರಾತಿನ ಮೂಲಕ ಹಂಚಿದವು. ಸೆಗಾದವರು ‘ಬ್ಲಾಸ್ಟ್ ಪ್ರೊಸೆಸಿಂಗ್’ ಎಂಬ ಮಂತ್ರ ಹುಟ್ಟಿಸಿದರು. ಟಿವಿಯಲ್ಲಿ ಒಂದು ರೇಸ್ ಕಾರು ಬೆಂಕಿಯುಗುಳುತ್ತ ಚಿಮ್ಮುತ್ತಿತ್ತು, ಪಕ್ಕದಲ್ಲಿ ನಿಂಟೆಂಡೊ ಹೊತ್ತ ಲಡಕಾಸಿ ವ್ಯಾನು ಕೆಮ್ಮುತ್ತ ನಿಂತಿರುತ್ತಿತ್ತು. ಮಂತ್ರಕ್ಕೆ ಅರ್ಥ ಹೇಳೆಂದರೆ ಯಾವ ಹುಡುಗನಿಗೂ ಬರುತ್ತಿರಲಿಲ್ಲ. ಮಂತ್ರವಾದ್ದರಿಂದ ಅರ್ಥದ ಅಗತ್ಯವೂ ಇರಲಿಲ್ಲ. ಇಂಥ ಬಡಾಯಿ ಹೊಸದಲ್ಲ. ನಮ್ಮ ಐಹೊಳೆಯ ಶಾಸನದಲ್ಲಿ ಚಾಲುಕ್ಯರ ಕವಿ ರವಿಕೀರ್ತಿ, ಪಲ್ಲವರ ದೊರೆ ಕಂಚಿಯ ಕೋಟೆಯೊಳಗೆ ಅಡಗಿಕೊಂಡನೆಂದು ಕೊರೆಸಿದ. ಮುಂದೆ ಪಲ್ಲವರ ಕಡೆಯವರು ಬಾದಾಮಿಯ ಬಂಡೆಯ ಮೇಲೇ ತಮ್ಮ ಬಿರುದು ಕೊರೆಸಿದರು. ಪ್ರಶಸ್ತಿ ಓದುವವನು ಎದುರು ಮನೆಯ ಬಂಡೆಯನ್ನೂ ಓದಬೇಕು.

ಹಾಗೆ ಎರಡನ್ನೂ ಓದಿದರೆ ಕಾಣುವುದಿಷ್ಟು. ಕಪ್ಪು ಪೆಟ್ಟಿಗೆಯ ಪ್ರೊಸೆಸರ್ ಸೆಕೆಂಡಿಗೆ ಸುಮಾರು 76 ಲಕ್ಷ ಸಲ ಮಿಡಿಯುತ್ತಿತ್ತು, ಬೂದು ಪೆಟ್ಟಿಗೆಯದು ಹೆಚ್ಚೆಂದರೆ 36 ಲಕ್ಷ. ಎರಡು ಜಾತಿಯ ಪ್ರೊಸೆಸರ್‌ಗಳನ್ನು ಮಿಡಿತದಿಂದಷ್ಟೇ ಅಳೆಯಲಾಗದು ನಿಜ. ಆದರೂ ಬೂದು ಪೆಟ್ಟಿಗೆಯ ಮೊದಮೊದಲ ಆಟಗಳಲ್ಲಿ, ಗ್ರೇಡಿಯಸ್ 3ರಂಥ ಬಾಹ್ಯಾಕಾಶ ಯುದ್ಧದಲ್ಲಿ, ಪರದೆಯ ಮೇಲೆ ಶತ್ರುಗಳು ಹೆಚ್ಚಾದೊಡನೆ ಎಲ್ಲವೂ ಜೇನುತುಪ್ಪದಲ್ಲಿ ಸಿಕ್ಕಿಕೊಂಡಂತೆ ನಿಧಾನವಾಗುತ್ತಿತ್ತು. ವೇಗದ ವಿಷಯದಲ್ಲಿ ಸೆಗಾದ ಹೆಮ್ಮೆ ಪೊಳ್ಳಲ್ಲ. ಬಣ್ಣದಲ್ಲಿ ಮಾತ್ರ ಅದು ಬಡವ: 512 ಬಣ್ಣಗಳ ಭಂಡಾರ, ಒಮ್ಮೆಗೆ ಪರದೆಯ ಮೇಲೆ ಸುಮಾರು 60. ನಿಂಟೆಂಡೊದ ಭಂಡಾರದಲ್ಲಿ 32,768 ಬಣ್ಣಗಳಿದ್ದವು, ಸಾಮಾನ್ಯವಾಗಿ 256ನ್ನು ಒಟ್ಟಿಗೆ ಹರಡಬಹುದಿತ್ತು. ಮೇಲಾಗಿ ಒಂದು ಇಡೀ ಹಿನ್ನೆಲೆಯನ್ನು ಚಾಪೆ ಹಾಸಿದಂತೆ ಹಾಸಿ, ತಿರುಗಿಸಿ, ಹತ್ತಿರ ದೂರ ಮಾಡುವ ‘ಮೋಡ್ 7’ ಎಂಬ ವಿದ್ಯೆ ಅದಕ್ಕೆ ಗೊತ್ತಿತ್ತು. ಎಫ್-ಝೀರೋದ ಓಟದ ಹಾದಿ, ಆಮೇಲೆ 1992ರ ಸೂಪರ್ ಮಾರಿಯೋ ಕಾರ್ಟ್‌ನ ಹಾದಿ ಕಣ್ಣೆದುರು ಸುತ್ತಿದ್ದು ಆ ವಿದ್ಯೆಯಿಂದ.

ನಾನು ಹೆಚ್ಚು ಹೊತ್ತು ನಿಲ್ಲಲು ಬಯಸುವುದು ನಾದದ ಬಳಿ. ಮೆಗಾ ಡ್ರೈವ್‌ನ ಯಮಾಹಾ ಚಿಪ್ ಆರು ದನಿಗಳನ್ನು ತಾನೇ ಅಲೆಗಳಿಂದ ಅಲೆ ಹೆಣೆದು ಸೃಷ್ಟಿಸುತ್ತಿತ್ತು. ಅದರಲ್ಲಿ ಲೋಹದ ಗುಂಗು, ತುಸು ಒರಟು, ಮಂದ್ರದಲ್ಲಿ ಗಡಸುತನ. ಸೂಪರ್ ಫ್ಯಾಮಿಕಾಮ್‌ನ ಚಿಪ್ ನಿಜವಾದ ವಾದ್ಯಗಳ ತುಣುಕು ಧ್ವನಿಮುದ್ರಣಗಳನ್ನು ಎಂಟು ದನಿಗಳಲ್ಲಿ ನುಡಿಸುತ್ತಿತ್ತು; ಪಿಟೀಲು ಪಿಟೀಲಿನಂತೆಯೇ ಕೇಳುತ್ತಿತ್ತು, ಆದರೆ ಕೇವಲ 64 ಕಿಲೋಬೈಟ್ ಜಾಗದಲ್ಲಿ ಎಲ್ಲವನ್ನೂ ತುರುಕಬೇಕಾಗಿದ್ದರಿಂದ ಕಂಬಳಿ ಹೊದ್ದು ಹಾಡಿದಂಥ ಮಬ್ಬು. ಯುಜೊ ಕೋಶಿರೊ ಎಂಬ ಸಂಗೀತಗಾರ ಎರಡೂ ಆಸ್ಥಾನಗಳಲ್ಲಿ ಮನ್ನಣೆ ಪಡೆದ. ಬೂದು ಪೆಟ್ಟಿಗೆ ಹುಟ್ಟಿದ ತಿಂಗಳೊಳಗೇ ಬಂದ ಆಕ್ಟ್‌ರೈಸರ್ ಆಟಕ್ಕೆ ವಾದ್ಯವೃಂದದ ಗಾಂಭೀರ್ಯ ತುಂಬಿ ಇತರ ಸಂಗೀತಗಾರರನ್ನು ಬೆರಗುಗೊಳಿಸಿದ. ಮರುವರ್ಷ ಸೆಗಾದ ಸ್ಟ್ರೀಟ್ಸ್ ಆಫ್ ರೇಜ್ ಆಟಕ್ಕೆ, ಆಗ ಕುಣಿತದ ಕ್ಲಬ್ಬುಗಳಲ್ಲಿ ಮೊಳಗುತ್ತಿದ್ದ ಬಗೆಯ ಸಂಗೀತ ಬರೆದ. ಎರಡನ್ನೂ ಅದಲು ಬದಲು ಮಾಡಲಾಗದು. ಮೊದಲನೆಯದು ಯಮಾಹಾ ಚಿಪ್ಪಿನಲ್ಲಿ ಸೊರಗುತ್ತದೆ, ಎರಡನೆಯದು ಕಂಬಳಿಯೊಳಗೆ ಉಸಿರುಗಟ್ಟುತ್ತದೆ. ಚಿಪ್ಪುಗಳ ಬಗ್ಗೆ ಕಿತ್ತಾಡುವವರು ಆ ಎರಡು ಆಟಗಳನ್ನು ಪಕ್ಕಪಕ್ಕ ಕೇಳಿದರೆ ಜಗಳದ ಅರ್ಧ ಅಲ್ಲೇ ತಣ್ಣಗಾದೀತು.

ಬೂದು ಪೆಟ್ಟಿಗೆಯ ಆ ನಾದದ ಚಿಪ್ಪನ್ನು ರೂಪಿಸಿದವನು ನಿಂಟೆಂಡೊದವನಲ್ಲ, ಸೋನಿ ಕಂಪನಿಯ ಕೆನ್ ಕುತಾರಾಗಿ. ಈ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

1993ರಲ್ಲಿ ಸಮರಕ್ಕೆ ನೆತ್ತರು ಬಿತ್ತು. ಮಾರ್ಟಲ್ ಕಾಂಬ್ಯಾಟ್ ಎಂಬ ಹೊಡೆದಾಟದ ಆಟ ಸೆಪ್ಟೆಂಬರ್ 13ರಂದು ಎರಡೂ ಪೆಟ್ಟಿಗೆಗಳಿಗೆ ಒಂದೇ ದಿನ ಬಂತು. ಮಕ್ಕಳ ಮನೆತನವೆಂಬ ಹೆಸರು ಕಾಯ್ದುಕೊಳ್ಳಬೇಕಿದ್ದ ನಿಂಟೆಂಡೊ ರಕ್ತವನ್ನು ಬೂದು ಬಣ್ಣದ ಬೆವರಾಗಿಸಿತು. ಸೆಗಾ ಒಂದು ಗುಟ್ಟಿನ ಕೀಲಿ ಇಟ್ಟಿತು: ಗುಂಡಿಗಳನ್ನು ಹೇಳಿದ ಕ್ರಮದಲ್ಲಿ ಒತ್ತಿದರೆ ಕೆಂಪು ಚಿಮ್ಮುತ್ತಿತ್ತು. ಗುಟ್ಟು ಎಷ್ಟು ದಿನ ಗುಟ್ಟಾಗಿರುತ್ತದೆ? ಸೆಗಾದ ಆಟವೇ ಹೆಚ್ಚು ಮಾರಾಟವಾಯಿತು. ಡಿಸೆಂಬರಿನಲ್ಲಿ ಸೆನೆಟರ್ ಜೋಸೆಫ್ ಲೀಬರ್ಮನ್ ಮತ್ತು ಹರ್ಬ್ ಕೋಲ್ ಎರಡೂ ಕಂಪನಿಗಳ ಪ್ರತಿನಿಧಿಗಳನ್ನು ವಾಷಿಂಗ್ಟನ್‌ಗೆ ಕರೆಸಿ ವಿಚಾರಣೆ ನಡೆಸಿದರು. ಆ ಸಭೆಯಲ್ಲೂ ಅವರು ಸೆನೆಟರುಗಳಿಗೆ ಉತ್ತರಿಸುವುದಕ್ಕಿಂತ ಒಬ್ಬರ ಮೇಲೊಬ್ಬರು ದೂರು ಹೇಳಿದ್ದೇ ಹೆಚ್ಚು. ಮರುವರ್ಷ ವಯಸ್ಸಿಗೆ ತಕ್ಕಂತೆ ಆಟಗಳಿಗೆ ಮುದ್ರೆ ಒತ್ತುವ ಮಂಡಳಿ ಹುಟ್ಟಿತು. ಅದೇ ವರ್ಷ ಬಂದ ಎರಡನೆಯ ಮಾರ್ಟಲ್ ಕಾಂಬ್ಯಾಟ್‌ನಲ್ಲಿ ನಿಂಟೆಂಡೊ ಬೆವರನ್ನು ಕೈಬಿಟ್ಟು ರಕ್ತಕ್ಕೇ ಬಂತು.

ಈ ಸಮರದ ಸದ್ದು ಕರ್ನಾಟಕಕ್ಕೆ ಕೇಳಿಸಲೇ ಇಲ್ಲವೆನ್ನಬಹುದು. ತೊಂಬತ್ತರ ದಶಕದ ನಡುವೆ ಶಾ ವಾಲೇಸ್ ಕಂಪನಿಯ ಮೂಲಕ ಮೆಗಾ ಡ್ರೈವ್ ಭಾರತಕ್ಕೇನೋ ಬಂತು, ಆದರೆ 18,000 ರೂಪಾಯಿ ಬೆಲೆ ಹೊತ್ತು. ಅಷ್ಟು ದುಡ್ಡಿದ್ದವರು ಮೊದಲು ಬಣ್ಣದ ಟಿವಿ ಕೊಳ್ಳುತ್ತಿದ್ದರು. ನಮ್ಮಲ್ಲಿ ಆಳಿದ್ದು 1983ರ ಫ್ಯಾಮಿಕಾಮ್. ಅದೂ ತನ್ನ ಹೆಸರಿನಲ್ಲಲ್ಲ. ರಷ್ಯಾದಲ್ಲಿ ಡೆಂಡಿ, ಪೋಲೆಂಡಿನಲ್ಲಿ ಪೆಗಾಸಸ್ ಎಂದು ವೇಷ ಹಾಕಿದ್ದ ಅದೇ ಯಂತ್ರದ ನಕಲುಗಳು ಇಲ್ಲಿಗೆ ಹತ್ತಾರು ಹೆಸರಿನಲ್ಲಿ ಬಂದವು. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಂಥ ಮಳಿಗೆ ಸಾಲುಗಳಲ್ಲಿ ಚೌಕಾಸಿ ಮಾಡಿ ತಂದದ್ದನ್ನು ನಾವು ‘ಟಿವಿ ಗೇಮ್’ ಎಂದು ಕರೆದೆವು, ಕಾರ್ಟ್ರಿಜ್ಜನ್ನು ‘ಕ್ಯಾಸೆಟ್’ ಎಂದೆವು. ಕ್ಯಾಸೆಟ್ಟಿನ ಮೇಲೆ 9999 ಆಟಗಳಿವೆ ಎಂದು ಬರೆದಿರುತ್ತಿತ್ತು. ಎಣಿಸುತ್ತ ಹೋದರೆ ಹತ್ತಿಪ್ಪತ್ತು ಆಟಗಳೇ ವೇಷ ಬದಲಿಸಿ ಮತ್ತೆ ಮತ್ತೆ ಬರುತ್ತಿದ್ದವು. ಓಡದಿದ್ದರೆ ಬುಡಕ್ಕೆ ಉಫ್ ಎಂದು ಊದುವುದು ನಮ್ಮ ಬೀದಿಯ ಎಲ್ಲರಿಗೂ ತಿಳಿದಿದ್ದ ವೈದ್ಯ. ಅಲ್ಲಿನ ಮಕ್ಕಳು 16 ಬಿಟ್‌ನ ಮೇಲೆ ಕಾದಾಡುತ್ತಿದ್ದಾಗ ಇಲ್ಲಿನ ಬೇಸಿಗೆ ರಜೆ 8 ಬಿಟ್‌ನ ಕಾಂಟ್ರಾ ಆಟದಲ್ಲಿ ಕಳೆಯಿತು. ನಮಗೆ ಪಕ್ಷವೇ ಇರಲಿಲ್ಲವಾದ್ದರಿಂದ ತೀರ್ಪು ಕೊಡುವ ಹಕ್ಕು ತುಸು ಹೆಚ್ಚೇ ಇದೆ ಎಂದುಕೊಂಡು ನಾನು ಮುಂದುವರಿಯುತ್ತೇನೆ.

ಲೆಕ್ಕ ಕೇಳಿದರೆ ಸೂಪರ್ ಫ್ಯಾಮಿಕಾಮ್ ಜಗತ್ತಿನಾದ್ಯಂತ 4.91 ಕೋಟಿ ಮಾರಾಟವಾಯಿತು, ಮೆಗಾ ಡ್ರೈವ್ 3 ಕೋಟಿಗೂ ಮೇಲೆ. ಈ ಎಣಿಕೆಯಿಂದ ತೀರ್ಪು ಬರುವುದಿಲ್ಲ. ಬ್ರೆಜಿಲ್ಲಿಗೆ ಹೋದರೆ ಟೆಕ್‌ಟಾಯ್ ಕಂಪನಿ ಬೆಳೆಸಿದ ಸೆಗಾದ್ದೇ ಮನೆಮಾತು. ಯುರೋಪಿನ ಹಲವು ಕಡೆಗಳಲ್ಲಿ ಕಪ್ಪು ಪೆಟ್ಟಿಗೆಯೇ ಮುಂದೆ. ನನ್ನ ಮತ ಬೂದು ಪೆಟ್ಟಿಗೆಗೆ, ಅದೂ ಬಣ್ಣ ನಾದಗಳಿಗಾಗಿ ಅಲ್ಲ. ಅದರ ಕಂಟ್ರೋಲರಿನ ನೆತ್ತಿಯ ಅಂಚಿನಲ್ಲಿ, ತೋರುಬೆರಳು ತಾನಾಗಿ ಕೂರುವ ಜಾಗದಲ್ಲಿ, ಎಡಬಲಕ್ಕೆ ಎರಡು ಗುಂಡಿಗಳಿದ್ದವು. ಬಲ ಹೆಬ್ಬೆರಳಿನಡಿ ವಜ್ರಾಕಾರದಲ್ಲಿ ನಾಲ್ಕು. ಸ್ಟ್ರೀಟ್ ಫೈಟರ್ 2 ಆಟಕ್ಕೆ ಆರು ಗುಂಡಿ ಬೇಕೆಂದಾಗ ಮೂರು ಗುಂಡಿಯ ಸೆಗಾ ಹೊಸ ಕಂಟ್ರೋಲರ್ ಮಾಡಿಸಿ ಮಾರಬೇಕಾಯಿತು. ನಿಂಟೆಂಡೊದಲ್ಲಿ ಆರೂ ಮೊದಲೇ ಇದ್ದವು. ಇವತ್ತು ಯಾವ ಕಂಪನಿಯ ಕಂಟ್ರೋಲರನ್ನು ಕೈಗೆತ್ತಿಕೊಂಡರೂ ಬೆರಳುಗಳು ಕೂರುವುದು ಆ ನಕ್ಷೆಯ ಮೇಲೆಯೇ. ಇನ್ನೊಂದು ಕಾರಣ ಅದರ ನಿಧಾನಗತಿ. ತಾನು ದುರ್ಬಲನೆಂದು ಅರಿತ ಯಂತ್ರ, ಬೇಕಾದ ಶಕ್ತಿಯನ್ನು ಕಾರ್ಟ್ರಿಜ್ಜಿನೊಳಗೇ ಚಿಪ್ ಇಟ್ಟು ತರಿಸಿಕೊಂಡಿತು. 1993ರ ಸ್ಟಾರ್ ಫಾಕ್ಸ್‌ನ ಮೂರು ಆಯಾಮದ ಹಡಗುಗಳು ಹಾರಿದ್ದು ಅಂಥ ಎರವಲು ರೆಕ್ಕೆಯಿಂದ. ಸೆಗಾ ಕೂಡ ವರ್ಚುವಾ ರೇಸಿಂಗ್ ಆಟಕ್ಕೆ ಅದನ್ನೇ ಮಾಡಿತು, ಆದರೆ ಒಂದೇ ಸಲ. ಉಳಿದಂತೆ ಅದು ಪೆಟ್ಟಿಗೆಗೆ ಪೆಟ್ಟಿಗೆ ಜೋಡಿಸುತ್ತ ಹೋಯಿತು: ಸಿಡಿ ಓಡಿಸಲು ಕೆಳಗೊಂದು, 32 ಬಿಟ್‌ಗೆ ಏರಲು ಮೇಲೊಂದು, ಪ್ರತಿಯೊಂದಕ್ಕೂ ಬೇರೆ ಕರೆಂಟ್ ಅಡಾಪ್ಟರ್. ನಂಬಿ ಕೊಂಡ ಮನೆಗಳು ಒಂದು ವರ್ಷದೊಳಗೆ ಕೈಸುಟ್ಟುಕೊಂಡವು. 1994ರ ನವೆಂಬರಿನಲ್ಲಿ ಆ ಮೇಲಿನ ಪೆಟ್ಟಿಗೆ ಬಂದ ತಿಂಗಳೇ ನಿಂಟೆಂಡೊ ತನ್ನ ಹಳೆಯ ಯಂತ್ರದಲ್ಲಿ ಡಾಂಕಿ ಕಾಂಗ್ ಕಂಟ್ರಿ ತಂದು, ಹೊಸದನ್ನು ಕೊಳ್ಳುವ ಅಗತ್ಯವೇನೆಂದು ಜನ ಕೇಳುವಂತೆ ಮಾಡಿತು.

ಆದರೆ ಗೆದ್ದವರ ಸಂತೋಷ ಬಹಳ ದಿನ ಬಾಳಲಿಲ್ಲ. ಸೂಪರ್ ಫ್ಯಾಮಿಕಾಮ್‌ಗೆ ಸಿಡಿ ಜೋಡಿಸುವ ಕೆಲಸವನ್ನು ನಿಂಟೆಂಡೊ ಸೋನಿಗೆ ಒಪ್ಪಿಸಿತ್ತು. 1991ರ ಜೂನ್‌ನಲ್ಲಿ ಶಿಕಾಗೋದ ಪ್ರದರ್ಶನದಲ್ಲಿ ಸೋನಿ ಅದನ್ನು ಸಾರಿದ ಮರುದಿನವೇ, ನಾವು ಕೈಜೋಡಿಸಿರುವುದು ಫಿಲಿಪ್ಸ್ ಜೊತೆಗೆ ಎಂದು ನಿಂಟೆಂಡೊ ತುಂಬಿದ ಸಭೆಯಲ್ಲಿ ಘೋಷಿಸಿತು. ಅವಮಾನಗೊಂಡ ಸೋನಿಯೊಳಗೆ, ನಮ್ಮದೇ ಪೆಟ್ಟಿಗೆ ಮಾಡೋಣವೆಂದು ಹಠ ಹಿಡಿದವನು ಕೆನ್ ಕುತಾರಾಗಿ, ಬೂದು ಪೆಟ್ಟಿಗೆಗೆ ನಾದ ಕೊಟ್ಟಿದ್ದ ಆ ಕುತಾರಾಗಿಯೇ. 1994ರ ಡಿಸೆಂಬರ್ 3ರಂದು ಪ್ಲೇಸ್ಟೇಷನ್ ಹೊರಬಂತು. ಮರುವರ್ಷ ಮೇ ತಿಂಗಳಿನಲ್ಲಿ ಲಾಸ್ ಏಂಜಲೀಸಿನ ಮೇಳದಲ್ಲಿ ಸೆಗಾ ತನ್ನ ಸ್ಯಾಟರ್ನ್ ಯಂತ್ರಕ್ಕೆ 399 ಡಾಲರ್ ಎಂದಿತು. ಸೋನಿಯ ಸ್ಟೀವ್ ರೇಸ್ ವೇದಿಕೆ ಹತ್ತಿ 299 ಎಂಬ ಒಂದೇ ಸಂಖ್ಯೆ ಹೇಳಿ ಇಳಿದ. 10 ಕೋಟಿಗೂ ಹೆಚ್ಚು ಪ್ಲೇಸ್ಟೇಷನ್‌ಗಳು ಮಾರಾಟವಾದವು. ಸ್ಯಾಟರ್ನ್ 1 ಕೋಟಿಯನ್ನೂ ಮುಟ್ಟಲಿಲ್ಲ. ಸೆಗಾದ ಕೊನೆಯ ಯಂತ್ರ ಡ್ರೀಮ್‌ಕಾಸ್ಟ್ ಎರಡು ವರ್ಷಕ್ಕೂ ತುಸು ಹೆಚ್ಚು ಕಾಲ ಹೋರಾಡಿತು. 2001ರ ಜನವರಿ 31ರಂದು, ಇನ್ನು ಪೆಟ್ಟಿಗೆಗಳನ್ನು ತಯಾರಿಸುವುದಿಲ್ಲ ಎಂದು ಸೆಗಾ ಪ್ರಕಟಿಸಿತು.

ಅದೇ ವರ್ಷ ಡಿಸೆಂಬರಿನಲ್ಲಿ ನಿಂಟೆಂಡೊದ ಅಂಗೈಯಗಲದ ಗೇಮ್ ಬಾಯ್ ಅಡ್ವಾನ್ಸ್ ಮೇಲೆ ಸಾನಿಕ್ ಕಾಣಿಸಿಕೊಂಡ. ಮುಳ್ಳುಹಂದಿ ಎದುರಾಳಿಯ ಆಸ್ಥಾನದಲ್ಲಿ ಓಡುತ್ತಿದ್ದುದನ್ನು ನೋಡಿ ಎಷ್ಟೋ ಹಳೆಯ ಸೆಗಾ ಭಟರಿಗೆ ಎದೆ ಒಡೆದಂತಾಯಿತು. 2007ರಲ್ಲಿ, ಬೀಜಿಂಗ್ ಒಲಿಂಪಿಕ್ಸ್‌ನ ಹೆಸರಿನಲ್ಲಿ, ಸೆಗಾ ತಯಾರಿಸಿ ನಿಂಟೆಂಡೊದ ವೀ ಯಂತ್ರಕ್ಕೆ ಕೊಟ್ಟ ಆಟದಲ್ಲಿ ಮಾರಿಯೋ ಮತ್ತು ಸಾನಿಕ್ ಮೊದಲ ಸಲ ಒಂದೇ ಓಟದ ಗೆರೆಯ ಮೇಲೆ ನಿಂತರು. ನೂರು ಮೀಟರ್ ಓಟ. ಪಿಸ್ತೂಲು ಸಿಡಿದೊಡನೆ ಆಡುವವರು ಎರಡೂ ಕೈಗಳಲ್ಲಿ ಹಿಡಿದ ಕಡ್ಡಿಗಳನ್ನು ಸಾಧ್ಯವಾದಷ್ಟು ವೇಗವಾಗಿ ಅಲುಗಿಸಬೇಕು. ತೋಳು ಗಟ್ಟಿ ಇದ್ದವನ ಮಾರಿಯೋ ಎಷ್ಟೋ ಸಲ ಮುಂದಾಗುತ್ತಿದ್ದ.